ಚಾರ್ಲಿ, ಮುದ್ದೆ ಮತ್ತೆ ಆ ಎಚ್‌ಎಫ್ ಹಸು

ಮೊದಲೇ ಹೇಳಿಬಿಡ್ತೀನಿ, '777 ಚಾರ್ಲಿ' ನೋಡಿ ನಾನೂ ಅತ್ತವಳೇ. 2022ರ ಜೂನ್‌ನಲ್ಲಿ ಥಿಯೇಟರ್‌ನಲ್ಲಿ ಒಂದು ಸಲ. ಆಮೇಲೆ ಮನೆ ಸೋಫಾ ಮೇಲೆ, ಮುದ್ದೆಯ ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡು ಇನ್ನೊಂದು ಸಲ. ಮುದ್ದೆ ನಮ್ಮ ನಾಯಿ. ಬೀದಿಯಿಂದ ಮನೆಗೆ ಬಂದ ಇಂಡಿ, ಹದಿನಾಲ್ಕು ಕೆಜಿ. ಮರಿಯಾಗಿದ್ದಾಗ ದುಂಡಗೆ, ಕಂದು ಬಣ್ಣಕ್ಕೆ, ತಟ್ಟೆಯಲ್ಲಿ ಕೂತ ರಾಗಿಮುದ್ದೆ ಥರಾನೇ ಇದ್ದ. ಈಗ ಉದ್ದುದ್ದ ಕಾಲು, ಸಣ್ಣ ಸೊಂಟ. ಹೆಸರು ಮಾತ್ರ ಉಳ್ಕೊಂಡಿದೆ.

ಮೂರನೇ ಸಲ ಸಿನಿಮಾ ನೋಡಿದ್ದು ಹೋದ ತಿಂಗಳು. ಈ ಸಲ ಅಳು ಬರಲಿಲ್ಲ. ಸಿಟ್ಟು ಅಂತಲೂ ಅಲ್ಲ. ಅದೇ ಸಿನಿಮಾ ಬೇರೆ ಥರ ಕಾಣಿಸ್ತು ಅಷ್ಟೆ. ಎರಡನೇ ಸಲಕ್ಕೂ ಮೂರನೇ ಸಲಕ್ಕೂ ನಡುವೆ ಚಿಕ್ಕಬಳ್ಳಾಪುರದ ಕಡೆ ಕಳೆದ ಒಂದು ಸಂಜೆ ಇದೆ. ಅದನ್ನು ಹೇಳದೆ ಸಿನಿಮಾ ಬಗ್ಗೆ ಹೇಳೋಕೆ ನನಗೆ ಬರೋದಿಲ್ಲ. ಹಾಗಾಗಿ ಎರಡನ್ನೂ ಹೇಳ್ತೀನಿ.

ನೋಡದೇ ಇರೋರಿಗೆ ಕಥೆ ಚುಟುಕಾಗಿ. (ಕೊನೆ ಗೊತ್ತಾಗುತ್ತೆ, ಬೇಡ ಅನ್ನೋರು ಈ ಪ್ಯಾರಾ ಹಾರಿಸಿ.) ಕಿರಣ್‌ರಾಜ್ ಕೆ. ನಿರ್ದೇಶನದ ಚಿತ್ರ. ಮೈಸೂರಿನ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡೋ ಧರ್ಮ (ರಕ್ಷಿತ್ ಶೆಟ್ಟಿ) ಯಾರ ಗೊಡವೆಗೂ ಹೋಗದ ಒಂಟಿ ಮನುಷ್ಯ. ಚಿಕ್ಕಂದಿನಲ್ಲೇ ಮನೆಯವರನ್ನೆಲ್ಲ ಅಪಘಾತದಲ್ಲಿ ಕಳ್ಕೊಂಡವನು. ನಾಯಿಮರಿ ಹುಟ್ಟಿಸಿ ಮಾರೋ ದಂಧೆಯವನ ಕೈಯಿಂದ ತಪ್ಪಿಸಿಕೊಂಡ ಲ್ಯಾಬ್ರಡಾರ್ ಒಂದು ಅವನ ಬದುಕಿಗೆ ಬಂದು ಸೇರಿಕೊಳ್ಳುತ್ತೆ. ಬೇಡ ಬೇಡ ಅನ್ನುತ್ತಲೇ ಅವನು ಅದಕ್ಕೆ ಮನೆ ಆಗ್ತಾನೆ. ಆಮೇಲೆ ಗೊತ್ತಾಗುತ್ತೆ, ಚಾರ್ಲಿಗೆ ವಾಸಿಯಾಗದ ಕ್ಯಾನ್ಸರ್. ಅವಳಿಗೆ ಹಿಮ ತೋರಿಸಬೇಕು ಅಂತ ಸೈಡ್‌ಕಾರ್ ಇರೋ ಬೈಕಿನಲ್ಲಿ ಕೂರಿಸಿಕೊಂಡು ಹಿಮಾಲಯದ ಕಡೆ ಹೊರಡ್ತಾನೆ. ಹಿಮ ಸಿಗುತ್ತೆ. ಚಾರ್ಲಿ ಹೋಗ್ತಾಳೆ.

ಈಗ ನಮ್ಮ ಕಥೆ.

ಫೆಬ್ರವರಿಯ ಒಂದು ಎರಡನೇ ಶನಿವಾರ. ನಾನು, ನನ್ನ ಗಂಡ, ಮುದ್ದೆ, ಬಾಡಿಗೆಗೆ ತಗೊಂಡ ಒಂದು ಕ್ಯಾರವಾನ್. ಕ್ಯಾರವಾನ್ ಅಂದ ತಕ್ಷಣ ಯುರೋಪಿನ ವಿಡಿಯೋ ನೆನಪಿಸ್ಕೋಬೇಡಿ. ಟೆಂಪೋ ಟ್ರಾವೆಲರ್ ಒಳಗೆ ಎರಡು ಹಾಸಿಗೆ, ಒಂದು ಸಣ್ಣ ಫ್ರಿಡ್ಜು, ಬಾಗಿಲು ಸರಿಯಾಗಿ ಮುಚ್ಚದ ಟಾಯ್ಲೆಟ್ಟು. 'ಪೆಟ್ ಫ್ರೆಂಡ್ಲಿ' ಅಂತ ಬರೆದಿದ್ರು, ಅಷ್ಟು ಸಾಕಾಗಿತ್ತು ನಮಗೆ. ಎರಡು ದಿನದ ಪ್ಲಾನು: ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥ ನೋಡೋದು, ಚಿಕ್ಕಬಳ್ಳಾಪುರಕ್ಕೆ ವಾಪಸ್ ಬಂದು ಶಿಡ್ಲಘಟ್ಟದ ರಸ್ತೆಯಲ್ಲಿ ಒಂದು ತೋಟದ ಹತ್ತಿರ ರಾತ್ರಿ ಉಳ್ಕೊಳ್ಳೋದು, ಭಾನುವಾರ ಚಿಂತಾಮಣಿ, ಕೈವಾರ ನೋಡ್ಕೊಂಡು ಮನೆ. ಮುದ್ದೆಗೆ ಅಂತ ಮಡಚೋ ಬಟ್ಟಲು, ಕುತ್ತಿಗೆಗೆ ಕೆಂಪು ಸ್ಕಾರ್ಫು, ರಾತ್ರಿ ಚಳಿಗೆ ಒಂದು ಜಾಕೆಟ್ಟು. ಎಲ್ಲಾ ಇತ್ತು. ಒಬ್ಬ ಪಶುವೈದ್ಯರ ನಂಬರ್ ಇರಲಿಲ್ಲ.

ಶನಿವಾರ ಸಂಜೆ ಐದೂಮುಕ್ಕಾಲಿಗೆ ತೋಟದ ಶೆಡ್ ಪಕ್ಕ ಸುರಿದಿದ್ದ ದ್ರಾಕ್ಷಿ ರಾಶಿಗೆ ಮುದ್ದೆ ಬಾಯಿ ಹಾಕಿದ. ಬೆಂಗಳೂರು ಬ್ಲೂ. ಭೌಗೋಳಿಕ ಸೂಚಿಕೆ ಇರೋ, ಈ ಭಾಗದ ಹೆಮ್ಮೆಯ ಕಪ್ಪು ದ್ರಾಕ್ಷಿ. ಮಾರೋಕೆ ಆಗದೆ ಬೇರೆ ಮಾಡಿಟ್ಟಿದ್ದ ಗೊಂಚಲುಗಳು. ಅವನು ಚಪ್ಪರಿಸಿಕೊಂಡು ತಿಂತಿದ್ದ. ನಾನು ನಗ್ತಾ ವಿಡಿಯೋ ಮಾಡಿದೆ. ಮೂತಿಯೆಲ್ಲ ನೇರಳೆ. 'ನಮ್ಮನೆ ಚಾರ್ಲಿ ವೈನ್ ಟೂರ್‌ನಲ್ಲಿ' ಅಂತ ಬರೆದು ಸ್ಟೋರಿಗೆ ಹಾಕಿದೆ.

ಅರ್ಧ ಗಂಟೆ ಆದಮೇಲೆ ಒಬ್ಬ ಗೆಳತಿಯ ಮೆಸೇಜು. 'ಏ, ನಾಯಿಗೆ ದ್ರಾಕ್ಷಿ ವಿಷ ಕಣೇ. ತಕ್ಷಣ ಡಾಕ್ಟರ್ ಹತ್ರ ಹೋಗು.'

ನನಗೆ ಚಾಕೊಲೇಟ್ ಗೊತ್ತಿತ್ತು, ಈರುಳ್ಳಿ ಗೊತ್ತಿತ್ತು. ದ್ರಾಕ್ಷಿ ಗೊತ್ತಿರಲಿಲ್ಲ. ನಿಮಗೂ ಗೊತ್ತಿಲ್ಲದಿದ್ದರೆ ಇಲ್ಲೇ ತಿಳ್ಕೊಳ್ಳಿ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿಯನ್ನು ಹಾಳು ಮಾಡಬಲ್ಲವು. ಇಷ್ಟು ತಿಂದರೆ ಪರವಾಗಿಲ್ಲ ಅನ್ನೋ ಲೆಕ್ಕ ಇಲ್ಲ. ಒಂದು ನಾಯಿ ಗೊಂಚಲು ತಿಂದು ಆರಾಮಾಗಿರುತ್ತೆ, ಇನ್ನೊಂದು ನಾಲ್ಕು ಹಣ್ಣಿಗೇ ಮಲಗುತ್ತೆ. ಯಾಕೆ ಅಂತ ಬಹಳ ವರ್ಷ ಯಾರಿಗೂ ಗೊತ್ತಿರಲಿಲ್ಲ. ದ್ರಾಕ್ಷಿಯಲ್ಲಿರೋ ಟಾರ್ಟಾರಿಕ್ ಆಮ್ಲವೇ ಕಾರಣ ಇರಬೇಕು ಅಂತ ಅಮೆರಿಕದ ಪಶುವೈದ್ಯರು 2021ರಲ್ಲಿ ಹೇಳಿದರು. ಅದೇ ಆಮ್ಲ ನಮ್ಮ ಹುಣಸೆಹಣ್ಣಿನಲ್ಲೂ ತುಂಬಿದೆ. ಮೊದಲ ಒಂದೆರಡು ಗಂಟೆಯೊಳಗೆ ವಾಂತಿ ಮಾಡಿಸಿದರೆ ಬಚಾವಾಗೋ ಸಾಧ್ಯತೆ ಜಾಸ್ತಿ. ಕಾದು ನೋಡೋಣ ಅಂದರೆ ಎರಡು ಮೂರು ದಿನದಲ್ಲಿ ಕಿಡ್ನಿ ಕೈಕೊಡಬಹುದು. ಆಗ ಮಾಡೋಕೆ ಹೆಚ್ಚೇನೂ ಉಳಿದಿರಲ್ಲ.

ಅಂದ್ರೆ ಮುದ್ದೆ ಆ ಹೊತ್ತಿಗೆ ಪೂರ್ತಿ ಆರಾಮಾಗಿದ್ದ. ಬಾಲ ಆಡಿಸ್ತಿದ್ದ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿದ್ದು.

ಮ್ಯಾಪಿನಲ್ಲಿ 'ವೆಟ್' ಅಂತ ಹುಡುಕಿದೆ. ಒಂದು ಕಡೆ ಫೋನ್ ಎತ್ತಲಿಲ್ಲ. ಇನ್ನೊಂದು ಕೋಳಿ ಆಹಾರದ ಅಂಗಡಿ. ಮೂರನೆಯದು ಸರ್ಕಾರಿ ಪಶು ಆಸ್ಪತ್ರೆ, ಎರಡನೇ ಶನಿವಾರದ ಸಂಜೆ, ಬೀಗ. ಗಂಡ ಕ್ಯಾರವಾನ್ ತಿರುಗಿಸೋಕೆ ಒದ್ದಾಡ್ತಿದ್ದ. ಬೆಂಗಳೂರು ಅರವತ್ತು ಕಿಲೋಮೀಟರ್ ಆಚೆ, ವಾರಾಂತ್ಯದ ಟ್ರಾಫಿಕ್ಕು, ಆ ಗಾಡಿ.

ತೋಟದವರು ಬಂದು ನೋಡಿದರು. 'ಏಂ ಕಾದಮ್ಮಾ' ಅಂದರು, ಏನೂ ಆಗಲ್ಲ ಅಂತ. ಆ ಕಡೆ ಮನೆಮಾತು ತೆಲುಗು, ಸಮಾಧಾನ ಹೇಳೋದು ತೆಲುಗಿನಲ್ಲಿ, ಕೆಲಸ ಮಾಡೋದು ಕನ್ನಡದಲ್ಲಿ. ಡೇರಿ ಸೆಕ್ರೆಟರಿಗೆ ಫೋನ್ ಮಾಡಿದರು. ಸೆಕ್ರೆಟರಿ ಡಾಕ್ಟರ್‌ಗೆ ಮಾಡಿದರು. ಡಾಕ್ಟರ್ ನಾಲ್ಕು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಒಂದು ಹಸುವಿನ ಹೆರಿಗೆಗೆ ಬಂದಿದ್ದಾರಂತೆ. ಕರು ಅಡ್ಡ ಸಿಕ್ಕಿಕೊಂಡಿದೆ, ಬಿಟ್ಟು ಬರೋಕೆ ಆಗಲ್ಲ, ನಾಯೀನೇ ಕರ್ಕೊಂಡು ಬನ್ನಿ ಅಂದರು. ಅಷ್ಟರಲ್ಲಿ ತೋಟದವರ ಮನೆಯಾಕೆ ವಾಂತಿ ಮಾಡಿಸೋಣ ಅಂತ ಉಪ್ಪುನೀರು ಕಲಸಿದ್ದರು. ಫೋನಿನಲ್ಲಿ ಅದು ಕೇಳಿಸಿತೋ ಏನೋ, ಡಾಕ್ಟರ್ ಜೋರಾಗಿ ಅಂದರು, 'ಉಪ್ಪು ಬೇಡ, ಉಪ್ಪು ಕುಡಿಸಬೇಡಿ, ಅದೇ ಇನ್ನೊಂದು ವಿಷ.'

ಕ್ಯಾರವಾನ್ ಆ ದಾರಿಗೆ ಹೋಗೋದಿಲ್ಲ. ತೋಟದವರ ಟಿವಿಎಸ್ ಎಕ್ಸೆಲ್, ಹಾಲಿನ ಕ್ಯಾನ್ ಇಳಿಸಿ ನಾನು ಹಿಂದೆ ಕೂತೆ, ನಡುವೆ ಮುದ್ದೆ. ಸೈಡ್‌ಕಾರ್ ಇರಲಿಲ್ಲ. ಹಿನ್ನೆಲೆ ಸಂಗೀತವೂ ಇರಲಿಲ್ಲ. ಹಿಪ್ಪುನೇರಳೆ ತೋಟಗಳ ನಡುವೆ ಹೋಗ್ತಾ ನನ್ನ ತಲೆಯಲ್ಲಿ ಓಡ್ತಿದ್ದದ್ದು ಒಂದೇ: ಐದೂಮುಕ್ಕಾಲಿನಿಂದ ಈಗ ಎಷ್ಟು ನಿಮಿಷ?

ಕೊಟ್ಟಿಗೆಯಲ್ಲಿ ಒಂದು ಬಲ್ಬು. ಕಪ್ಪು ಬಿಳುಪು ಹಸು ನೆಲಕ್ಕೆ ಮಲಗಿತ್ತು, ಉಸಿರು ಭಾರ. ಡಾಕ್ಟರ್ ಭುಜದವರೆಗೂ ಗ್ಲೌಸ್ ಹಾಕಿಕೊಂಡು ಮಂಡಿಯೂರಿದ್ದರು. ಕರುವಿನ ಕಾಲಿಗೆ ಹಗ್ಗ ಕಟ್ಟಿತ್ತು, ಇಬ್ಬರು ಹಿಡ್ಕೊಂಡಿದ್ದರು. ನನ್ನನ್ನು ನೋಡಿ ಡಾಕ್ಟರ್ ಹಸುವಿನ ಒಡತಿಯ ಕಡೆ ನೋಡಿದರು. ಆಕೆ ಅಂದರು, 'ನೋಡಿ ಸಾರ್, ಅದೂ ಜೀವ ತಾನೇ.'

ಗ್ಲೌಸ್ ಬಿಚ್ಚಿ, ಕೈ ತೊಳ್ಕೊಂಡು, ಬ್ಯಾಗಿನಿಂದ ಒಂದು ಇಂಜೆಕ್ಷನ್. ಕ್ಸೈಲಜೀನ್ ಅಂತೆ. ದನಗಳಿಗೆ ಮಂಪರು ಬರಿಸೋ ಔಷಧಿ, ನಾಯಿಗೆ ಕೊಟ್ಟರೆ ಎಷ್ಟೋ ಸಲ ವಾಂತಿ ಬರುತ್ತೆ. 'ವಾಂತಿ ಮಾಡಿಸೋಕೆ ಇದಕ್ಕಿಂತ ಒಳ್ಳೇದು ಬೇರೆ ಇದೆ, ನನ್ನ ಹತ್ರ ಈಗ ಇರೋದು ಇದೇ' ಅಂದರು. 'ನಿದ್ದೆ ಬಂದ ಹಾಗಾಗ್ತಾನೆ, ತಲೆ ತಗ್ಗಿಸಿ ಹಿಡ್ಕೊಳ್ಳಿ, ಉಸಿರಿಗೆ ಸಿಕ್ಕಬಾರದು.' ಐದು ನಿಮಿಷಕ್ಕೆ ಮುದ್ದೆ ವಾಂತಿ ಮಾಡಿದ. ನೇರಳೆ ಸಿಪ್ಪೆ, ಬೀಜ, ಪೂರ್ತಿ ಹಣ್ಣುಗಳು. ಹಸುವಿನ ಮನೆಯ ಹುಡುಗ ಮೊಬೈಲ್ ಟಾರ್ಚ್ ಹಿಡಿದು ಇಪ್ಪತ್ತರ ತನಕ ಎಣಿಸಿದ. ಡಾಕ್ಟರ್ ಒಂದು ಚೀಟಿಯಲ್ಲಿ ಬರೆದುಕೊಟ್ಟರು: ಎಷ್ಟು ಹೊತ್ತಿಗೆ ತಿಂದದ್ದು, ಏನು ಕೊಟ್ಟದ್ದು, ಎಷ್ಟು ಕೊಟ್ಟದ್ದು. 'ಬೆಂಗಳೂರಿಗೆ ಹೋಗಿ, ಡ್ರಿಪ್ ಹಾಕಿಸಿ, ಎರಡು ದಿನ ಕ್ರಿಯಾಟಿನೈನ್ ನೋಡ್ತಾ ಇರಬೇಕು.' ಮತ್ತೆ ಗ್ಲೌಸ್ ಹಾಕ್ಕೊಂಡು ಹಸುವಿನ ಹತ್ತಿರ ಹೋದರು. ದುಡ್ಡು ಎಷ್ಟು ಅಂತ ಕೇಳಿದ್ದು ನನಗೆ ನೆನಪಿದೆ. ಅವರು ತಿರುಗಿ ನೋಡಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮುದ್ದೆ ನಲವತ್ತೆಂಟು ಗಂಟೆ ಡ್ರಿಪ್ಪಿನಲ್ಲಿದ್ದ. ಕಿಡ್ನಿಗೆ ಏನೂ ಆಗಿರಲಿಲ್ಲ.

ಮುದ್ದೆ ಮನೆಗೆ ಬಂದ ಮಾರನೇ ದಿನ, ಬಟ್ಟೆ ಒಗೆಯೋಕೆ ಹಾಕುವಾಗ ಆ ಚೀಟಿ ಸಿಕ್ತು. ಆಗ ಹೊಳೀತು, ಹಸು ಏನಾಯ್ತು ಅಂತ ನಾನು ಕೇಳೇ ಇಲ್ಲ. ಮೂರು ದಿನ ಆಗಿತ್ತು. ಫೋನ್ ಮಾಡಿದೆ. 'ಕರು ಹೋಯ್ತು, ಹಸು ಎದ್ದು ನಿಂತಿದೆ' ಅಂದರು ಡಾಕ್ಟರ್. ನಾವು ಬಂದು ತಡ ಮಾಡಿದ್ದಕ್ಕೇನಾದ್ರೂ... ಅಂತ ಶುರು ಮಾಡಿದೆ. 'ಇಲ್ಲ ಇಲ್ಲ, ನೀವು ಬರೋಕೆ ಮುಂಚೇನೇ ಹೋಗಿತ್ತು' ಅಂದರು. ಇರಬಹುದು. ನನ್ನ ಸಮಾಧಾನಕ್ಕೆ ಅಂದಿದ್ದೂ ಇರಬಹುದು. ಎರಡನೇ ಸಲ ಕೇಳೋ ಧೈರ್ಯ ಬರಲಿಲ್ಲ.

ಈಗ ಸಿನಿಮಾಗೆ ಬರ್ತೀನಿ.

ಮೂರನೇ ಸಲ ನೋಡುವಾಗ ನನಗೆ ಮೊದಲು ಕಂಡದ್ದು ಗಡಿಯಾರ. ಚಾರ್ಲಿಯ ಕಾಯಿಲೆ ವಾಸಿಯಾಗಲ್ಲ ಅಂತ ಹೇಳಿದ ಕ್ಷಣ ಚಿತ್ರದಲ್ಲಿ ಗಡಿಯಾರ ನಿಂತು ಹೋಗುತ್ತೆ. ದಿನಗಳು ಕಡಿಮೆ ಇವೆ ಅನ್ನೋದು ನಿಜ, ಆದರೆ ಈ ಗಂಟೆಯಲ್ಲಿ ಏನು ಮಾಡಬೇಕು ಅನ್ನೋ ಪ್ರಶ್ನೆ ಧರ್ಮನಿಗೆ ಇಲ್ಲ. ಉಳಿಸೋಕೆ ಆಗಲ್ಲ, ಹಾಗಾಗಿ ಪ್ರೀತಿಸಿದರೆ ಸಾಕು. ದುಃಖ ಅಪಾರ, ಆದರೆ ಅದರಲ್ಲಿ ತಪ್ಪು ಮಾಡೋ ಅವಕಾಶ ಕಡಿಮೆ. ನಾಯಿ ಸಾಕಿದ ನಮ್ಮಲ್ಲಿ ಹೆಚ್ಚಿನವರಿಗೆ ಬರೋ ಕಷ್ಟ ಆ ಥರದ್ದಲ್ಲ. ದ್ರಾಕ್ಷಿ, ಇಲಿಪಾಷಾಣ, ಹಾವು, ಬಿಸಿಲಿನ ಹೊಡೆತ. ಉಳಿಸಬಹುದು. ಒಂದು ಗಂಟೆ ಒಳಗಾದರೆ ಉಳಿಸಬಹುದು, ಮೂರು ಗಂಟೆ ಆದರೆ ಗೊತ್ತಿಲ್ಲ. ಅಲ್ಲಿ ಪ್ರೀತಿ ಎಷ್ಟಿದೆ ಅನ್ನೋದಕ್ಕಿಂತ ಯಾರ ನಂಬರ್ ಇದೆ ಅನ್ನೋದು ಮುಖ್ಯ. ಸಿನಿಮಾ ನಮ್ಮನ್ನು ಮೊದಲ ಥರದ ಪ್ರೀತಿಗೆ ಎಷ್ಟು ಚೆನ್ನಾಗಿ ತಯಾರು ಮಾಡಿತು ಅಂದ್ರೆ, ಎರಡನೆಯದೊಂದು ಇದೆ ಅಂತಲೇ ನನಗೆ ಹೊಳೆದಿರಲಿಲ್ಲ.

ಎರಡನೆಯದು, ಡಾಕ್ಟರ್. ರಾಜ್ ಬಿ. ಶೆಟ್ಟಿ ಮಾಡಿರೋ ಪಶುವೈದ್ಯ ಅಶ್ವಿನ್ ಕುಮಾರ್ ಈ ಚಿತ್ರದಲ್ಲಿ ನನಗೆ ಈಗ ಅತಿ ಇಷ್ಟದ ಪಾತ್ರ. ನಗಿಸ್ತಾನೆ, ಧರ್ಮನ ಹಟಕ್ಕೆ ಜಗ್ಗಲ್ಲ, ಕೆಟ್ಟ ಸುದ್ದಿ ಹೇಳೋ ಹೊತ್ತಿಗೆ ನಾಟಕ ಮಾಡದೆ ಹೇಳ್ತಾನೆ. ಆದರೆ ರಸ್ತೆ ಶುರುವಾದಮೇಲೆ ಕಥೆಗೆ ಬೇಕಾಗೋದು ಹಿಮ, ಡಾಕ್ಟರ್ ಅಲ್ಲ. ಪಶುವೈದ್ಯ ಅಲ್ಲಿ ಒಂದು ಸುದ್ದಿ ತಂದುಕೊಟ್ಟು ದಾರಿ ಬಿಡೋ ಪಾತ್ರ. ನಾನು ಕಂಡ ಡಾಕ್ಟರ್ ಅರ್ಧ ಗಂಟೆಯಲ್ಲಿ ಎರಡು ಜೀವಗಳ ನಡುವೆ ತೂಗಿ ನೋಡಬೇಕಾಗಿತ್ತು, ಅದೂ ಒಂದು ಬಲ್ಬಿನ ಬೆಳಕಲ್ಲಿ. ಅದರಲ್ಲೇ ಒಂದು ಸಿನಿಮಾ ಇದೆ.

ಮೂರನೆಯದೇ ನನ್ನ ಮುಖ್ಯ ತಕರಾರು. 'ಚಾರ್ಲಿ'ಯ ಲೋಕದಲ್ಲಿ ಹೆಚ್ಚುಕಮ್ಮಿ ಎರಡು ಥರದ ಜನ: ನಾಯಿಯನ್ನು ಪ್ರೀತಿಸೋರು, ಪ್ರೀತಿಸದೇ ಇರೋರು. ಧರ್ಮ ಎರಡನೇ ಗುಂಪಿನಿಂದ ಮೊದಲನೇ ಗುಂಪಿಗೆ ದಾಟ್ತಾನೆ, ಅದೇ ಕಥೆ. ನಾವು ನೋಡುಗರೂ ಥಿಯೇಟರಿನಿಂದ ಹೊರಗೆ ಬರುವಾಗ ಜನರನ್ನು ಹಾಗೇ ಎರಡಾಗಿ ವಿಂಗಡಿಸ್ತಾ ಬಂದ್ವಿ. ನಾನಂತೂ ಹಾಗೇ ಇದ್ದೆ. ಹಳ್ಳಿಯವರು ನಾಯಿಯನ್ನು ಹೊರಗೆ ಕಟ್ಟಿ ಹಾಕಿದ್ದು ನೋಡಿದರೆ ಮುಖ ಸಿಂಡರಿಸ್ತಿದ್ದೆ. ಮೂರನೇ ಥರದ ಜನ ಇದ್ದಾರೆ: ಪ್ರಾಣಿಗಳ ಜೊತೆ ಬದುಕಿಗೋಸ್ಕರ ಬದುಕೋರು. ಶಾಶ್ವತವಾದ ಒಂದು ನದಿ ಇಲ್ಲದ ಈ ಜಿಲ್ಲೆಯಲ್ಲಿ ಮನೆ ನಡೆಸೋದು ಹಾಲು, ರೇಷ್ಮೆ. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕೋರಿಗೆ ಡಾಕ್ಟರ್ ನಂಬರ್ ಬಾಯಿಪಾಠ. ಅವರಿಗೆ ಹಸು ಮಗಳಲ್ಲ, ಮೆಶಿನ್ನೂ ಅಲ್ಲ. ಆ ಸಂಬಂಧಕ್ಕೆ ನಮ್ಮ 'ಪೆಟ್ ಪೇರೆಂಟ್' ಭಾಷೆಯಲ್ಲಿ ಪದ ಇಲ್ಲ.

ಮುದ್ದೆಯನ್ನು ಉಳಿಸಿದ್ದು ನನ್ನ ಪ್ರೀತಿ ಅಲ್ಲ. ಹಸುಗಳಿಗೋಸ್ಕರ ಹೆಣೆದ ಒಂದು ಜಾಲ: ಡೇರಿ, ಸೆಕ್ರೆಟರಿ, ದನದ ಡಾಕ್ಟರ್, ಅವರ ಬ್ಯಾಗಿನಲ್ಲಿದ್ದ ದನದ ಔಷಧಿ. ನಾವು ಬಿಟ್ಟಿಯಾಗಿ ಅದರೊಳಗೆ ನುಗ್ಗಿದ್ವಿ. ಅದರವರು ಜಾಗ ಬಿಟ್ಟುಕೊಟ್ಟರು.

ಕನ್ನಡದ ಒಂದು ಹಳೇ ನಾಯಿ ನೆನಪಾಗುತ್ತೆ, ತೇಜಸ್ವಿಯವರ 'ಕರ್ವಾಲೊ'ದ ಕಿವಿ. ಅದನ್ನು ಓದಿ ಯಾರೂ ಬಿಕ್ಕಿ ಅಳಲ್ಲ. ಆ ನಾಯಿಗೆ ತನ್ನದೇ ಕೆಲಸ, ತನ್ನದೇ ಬುದ್ಧಿ, ಸುತ್ತ ಜೇನು, ಕಾಡು, ಗದ್ದೆ, ಜನ. ನಾಯಿ ಒಂದು ಊರಿನೊಳಗೆ ಇರುತ್ತೆ. 'ಚಾರ್ಲಿ'ಯಲ್ಲಿ ಊರು ಹಿಂದೆ ಸರಿದು ನಾಯಿ ಮತ್ತು ಮನುಷ್ಯ ಇಬ್ಬರೇ ಉಳೀತಾರೆ. ಅಳಿಸೋಕೆ ಎರಡನೇ ದಾರಿಯೇ ಸರಿ. ಬದುಕೋಕೆ ಮೊದಲನೆಯದು ಬೇಕು.

ನ್ಯಾಯವಾಗಿ ಹೇಳಬೇಕಾದದ್ದೂ ಇದೆ. ನಾಯಿ ಸಾಕೋದನ್ನೇ ಯೋಚಿಸದ ಎಷ್ಟೋ ಮನೆಗಳಲ್ಲಿ ಈ ಚಿತ್ರ ಬಂದಮೇಲೆ ಆ ಮಾತು ಶುರುವಾಯ್ತು, ನಮ್ಮ ಅತ್ತೆಮನೆಯೂ ಸೇರಿ. ಮರಿ ಹುಟ್ಟಿಸೋ ದಂಧೆ, ಹತ್ತಿರದ ರಕ್ತಸಂಬಂಧದಲ್ಲಿ ಮರಿ ಮಾಡಿಸೋದರಿಂದ ಬರೋ ಕಾಯಿಲೆ, ಇದನ್ನೆಲ್ಲ ಒಂದು ಜನಪ್ರಿಯ ಕನ್ನಡ ಚಿತ್ರ ಹೇಳಿದ್ದು ದೊಡ್ಡ ಕೆಲಸ. ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ಬಂದದ್ದು ಸರಿಯೇ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದನ್ನು ನೋಡಿ, ತೀರಿಹೋದ ತಮ್ಮ ನಾಯಿ ಸ್ನೂಬಿಯನ್ನು ನೆನೆದು ಕಣ್ಣೀರಿಟ್ಟರು. ರಾಜ್ಯ ಸರ್ಕಾರ ಚಿತ್ರಕ್ಕೆ ಆರು ತಿಂಗಳು ತೆರಿಗೆ ವಿನಾಯಿತಿ ಕೊಟ್ಟಿತು. ಆ ಕಣ್ಣೀರು ಸುಳ್ಳು ಅಂತ ನಾನು ಹೇಳಲ್ಲ, ನನ್ನದೂ ಅದೇ ಕಣ್ಣೀರು. ನನಗೆ ಈಗ ಅನಿಸೋದು ಇಷ್ಟೇ: ಒಂದು ಚಿತ್ರ ನೋಡಿ ಒಂದು ರಾಜ್ಯವೇ ಅಷ್ಟು ಕರಗಿದಾಗ, ಶನಿವಾರ ಸಂಜೆ ತೆರೆದಿರೋ ಪಶು ಆಸ್ಪತ್ರೆ ಎಲ್ಲಿದೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳೋದನ್ನು ಸಿನಿಮಾ ನಮಗೆ ಕಲಿಸಲಿಲ್ಲ, ನಮಗೆ ಅದು ಬೇಕೂ ಇರಲಿಲ್ಲ.

ಹಾಲಿನ ಡೇರಿಯ ಗೋಡೆ ಮೇಲೆ 1962 ಅಂತ ಒಂದು ನಂಬರ್ ಬರೆದಿತ್ತು, ಸಂಚಾರಿ ಪಶು ಚಿಕಿತ್ಸಾ ಗಾಡಿಯದ್ದು. ಅದರ ಪಕ್ಕದಲ್ಲೇ ನಾವು ಹಾದುಹೋಗಿದ್ವಿ, ಮುದ್ದೆಯ ಸ್ಕಾರ್ಫ್ ಸರಿ ಮಾಡ್ತಾ. ಈಗ ಅದು ನನ್ನ ಫೋನಿನಲ್ಲಿದೆ. ಪ್ರವಾಸಕ್ಕೆ ಹೊರಡೋ ಮುಂಚೆ ಈಗ ನಾನು ಮಾಡೋ ಕೆಲಸ ಬಹಳ ನೀರಸ. ಹೋಗೋ ಪ್ರತಿ ತಾಲ್ಲೂಕಿಗೂ ಒಬ್ಬರಾದರೂ ಡಾಕ್ಟರ್‌ಗೆ ಮುಂಚೇನೇ ಫೋನ್ ಮಾಡಿ, ಎಷ್ಟು ಹೊತ್ತಿನ ತನಕ ಸಿಗ್ತಾರೆ, ನಾಯಿ ನೋಡ್ತಾರಾ ಅಂತ ಕೇಳಿ ಬರ್ಕೊಳ್ಳೋದು. ಮುದ್ದೆಯ ತೂಕ, ಲಸಿಕೆ ತಾರೀಕು ಒಂದೇ ಹಾಳೆಯಲ್ಲಿ. ಇನ್‌ಸ್ಟಾಗ್ರಾಮ್‌ಗೆ ಹಾಕೋ ಥರದ್ದಲ್ಲ. ಆ ದ್ರಾಕ್ಷಿ ವಿಡಿಯೋ ಮಾತ್ರ ಅಳಿಸಿಲ್ಲ. ಅದರಲ್ಲಿ ನನ್ನ ನಗು ಕೇಳಿಸುತ್ತೆ.

ಏಪ್ರಿಲ್‌ನಲ್ಲಿ ಮತ್ತೆ ಹೋದ್ವಿ, ಅರ್ಧಕ್ಕೆ ಬಿಟ್ಟಿದ್ದ ಚಿಂತಾಮಣಿ, ಕೈವಾರ ನೋಡೋಕೆ. ಈ ಸಲ ನಮ್ಮ ಕಾರಿನಲ್ಲೇ. ದಾರಿಯಲ್ಲಿ ಆ ಮನೆಗೂ ಹೋದ್ವಿ, ಹಿಂಡಿ ಮೂಟೆ ಒಂದು ತಗೊಂಡು. ಬೇರೆ ಏನು ತಗೊಂಡು ಹೋಗಬೇಕು ಅಂತ ಗೊತ್ತಾಗಿರಲಿಲ್ಲ. ಹಸು ನಿಂತಿತ್ತು, ಮೆಲುಕು ಹಾಕ್ತಾ. ಹೆಸರೇನು ಅಂತ ಕೇಳಿದೆ. ಒಡತಿ ನಕ್ಕರು. 'ಹೆಸರೇನಿಲ್ಲಮ್ಮ, ಎಚ್‌ಎಫ್ ಅಂತೀವಿ.' ಆಮೇಲೆ ಮುದ್ದೆಯ ಕಡೆ ತಿರುಗಿ, 'ಇವನು ಈಗ ಸರಿಯಾಗಿ ಊಟ ಮಾಡ್ತಾನಾ?' ಅಂತ ಕೇಳಿದರು.